ಸೋಮಾರಿತನವಲ್ಲ, ಅದು ಥೈರಾಯಿಡ್

ಅಡುಗೆಯ ಪರಿಮಳ ಬಂದೊಡನೆ ಬಾಯಲ್ಲಿ ನೀರೂರುತ್ತದೆ. ಬಿಸಿಲಿಗೆ ಬೆವರಿಳಿಯುತ್ತದೆ. ದುಃಖ ಉಕ್ಕಿದರೆ ಕಣ್ಣೀರು. ಈ ಗ್ರಂಥಿಗಳ ಸ್ರಾವ ಸಣ್ಣ ನಾಳಗಳ ಮೂಲಕ ಹರಿದು ಬರುವುದರಿಂದ ಅವುಗಳ ಕೆಲಸ ನಮಗೆ ಗೊತ್ತಾಗುತ್ತದೆ. ಆದರೆ ನಾಳವೇ ಇಲ್ಲದ ಗ್ರಂಥಿಗಳೂ ನಮ್ಮ ದೇಹದಲ್ಲಿವೆ. ಅವು ತಮ್ಮ ಸ್ರಾವವನ್ನು ನೇರವಾಗಿ ರಕ್ತಕ್ಕೆ ಬಿಡುತ್ತವೆ. ಆ ಸ್ರಾವವೇ ಹಾರ್ಮೋನು. ಇಂತಹ ನಿರ್ನಾಳ ಗ್ರಂಥಿಗಳಲ್ಲಿ ಒಂದರ ಬಗ್ಗೆಯಾದರೂ ಮನೆಮಂದಿಯೆಲ್ಲ ತಿಳಿದಿರಬೇಕು. ಅದು ಥೈರಾಯಿಡ್.

ಕೊರಳಿನ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಅಂಟಿಕೊಂಡು, ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ ಅದು ಕುಳಿತಿದೆ. ತೂಕ ಸುಮಾರು 20 ಗ್ರಾಂ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ತುಂಬ ಪುಟ್ಟ ಪುಟ್ಟ ದುಂಡು ಚೀಲಗಳು. ಚೀಲದ ಗೋಡೆಗೆ ಒಂದೇ ಸಾಲು ಜೀವಕೋಶಗಳು, ಒಳಗೆ ಅಂಟಾದ ದ್ರವ. ಆಹಾರದಿಂದ ಬಂದ ಅಯೋಡಿನ್ ಅನ್ನು ಆ ಜೀವಕೋಶಗಳು ರಕ್ತದಿಂದ ಹೀರಿ ಹಾರ್ಮೋನು ತಯಾರಿಸಿ, ಈ ದ್ರವದಲ್ಲಿ ಕೂಡಿಡುತ್ತವೆ. ಎರಡು ತಿಂಗಳಿಗಾಗುವಷ್ಟು ದಾಸ್ತಾನು! ಬೇರೆ ಯಾವ ನಿರ್ನಾಳ ಗ್ರಂಥಿಗೂ ಇಂತಹ ಉಗ್ರಾಣವಿಲ್ಲ.

ಹೃದಯದ ಬಡಿತ, ದೇಹದ ಬಿಸಿ, ಕರುಳಿನ ಚಲನೆ ಎಲ್ಲದರ ವೇಗವೂ ಈ ಹಾರ್ಮೋನಿಗೆ ಅಧೀನ. ಅದು ಕಡಿಮೆಯಾದರೆ ಇಡೀ ದೇಹ ನಿಧಾನವಾಗುತ್ತದೆ. ಸುಸ್ತು, ನಿದ್ದೆ, ಚಳಿ, ಮಲಬದ್ಧತೆ, ಮುಖದಲ್ಲಿ ಊತ, ಕೂದಲುದುರುವಿಕೆ, ಮುಟ್ಟಿನ ಏರುಪೇರು. ಪುರುಷರಿಗಿಂತ ಮಹಿಳೆಯರಲ್ಲೇ ಇದು ಹೆಚ್ಚು. "ಸೊಸೆಗೆ ಮೈಗಳ್ಳತನ, ಸದಾ ಮಲಗಿರುತ್ತಾಳೆ" ಎಂಬ ಮಾತು ಎಷ್ಟು ಮನೆಗಳಲ್ಲಿ ಕೇಳಿಬರುವುದಿಲ್ಲ? ಬೈಯುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಬಾರದೇ?

ವರದಿಯಲ್ಲಿ ಟಿಎಸ್‌ಎಚ್ ಹೆಚ್ಚಿದ್ದರೆ ಥೈರಾಯಿಡ್ ಹೆಚ್ಚಾಗಿದೆಯೆಂದು ಅನೇಕರು ಭಾವಿಸುತ್ತಾರೆ. ಸಾಮಾನ್ಯವಾಗಿ ಸಂಗತಿ ಅದಕ್ಕೆ ತದ್ವಿರುದ್ಧ. ಟಿಎಸ್‌ಎಚ್ ಎಂಬುದು ಮೆದುಳಿನ ಬುಡದಲ್ಲಿರುವ ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿ ಕಳುಹಿಸುವ ಆಜ್ಞೆ. ಕೆಲಸ ಸಾಗದಿದ್ದಾಗ ಯಜಮಾನ ದನಿ ಏರಿಸುವಂತೆ, ಥೈರಾಯಿಡ್ ಸೋತಾಗ ಟಿಎಸ್‌ಎಚ್ ಏರುತ್ತದೆ.

ಅಯೋಡಿನ್ ಉಪ್ಪು ತಿನ್ನುವವರಲ್ಲೂ ಈ ಕೊರತೆ ಏಕೆ? ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ಈ ಗ್ರಂಥಿಯ ಮೇಲೆ ಎರಗುವುದು ಮುಖ್ಯ ಕಾರಣ.

1891ರಲ್ಲಿ ಇಂಗ್ಲೆಂಡಿನ ವೈದ್ಯ ಜಾರ್ಜ್ ಮರ್ರೆ ಇಂತಹ ಓರ್ವ ಮಹಿಳೆಗೆ ಕುರಿಯ ಥೈರಾಯಿಡ್ ರಸವನ್ನು ಚುಚ್ಚಿದರು. ಆಕೆ ಚೇತರಿಸಿಕೊಂಡು, ಚಿಕಿತ್ಸೆ ಮುಂದುವರಿಸುತ್ತಾ ಇನ್ನೂ 28 ವರ್ಷ ಬದುಕಿದರು. ಇಂದು ಅದೇ ಕೆಲಸವನ್ನು ಒಂದು ಚಿಕ್ಕ ಮಾತ್ರೆ ಮಾಡುತ್ತದೆ. ಅದನ್ನು ಖಾಲಿ ಹೊಟ್ಟೆಯಲ್ಲಿ ಸೇವಿಸಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಂದ ನಾಲ್ಕು ಗಂಟೆ ದೂರವಿಡಬೇಕು. ರಮಝಾನಿನಲ್ಲಿ ಸಹರಿಗೆ ಅರ್ಧ ಗಂಟೆ ಮೊದಲು ಅಥವಾ ರಾತ್ರಿ ಊಟವಾಗಿ ಮೂರು ಗಂಟೆ ಕಳೆದು ತೆಗೆದುಕೊಳ್ಳಬಹುದೇ ಎಂದು ನಿಮ್ಮ ವೈದ್ಯರಲ್ಲಿ ಕೇಳಿ. ತಿಂಗಳಿಡೀ ಬಿಟ್ಟುಬಿಡುವುದು ಬೇಡ.

ಗರ್ಭಿಣಿಯಂತೂ ಬಿಡಲೇಬಾರದು. ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳು ಬೆಳೆಯುವುದು ತಾಯಿಯ ಹಾರ್ಮೋನಿನ ಆಸರೆಯಲ್ಲಿ. ಕೆಲವು ಶಿಶುಗಳು ಈ ಗ್ರಂಥಿಯೇ ಇಲ್ಲದೆ ಹುಟ್ಟುತ್ತವೆ. ನೋಡಲು ಆರೋಗ್ಯವಾಗಿಯೇ ಇರುತ್ತವೆ. ಮೊದಲ ಎರಡು ವಾರಗಳೊಳಗೆ ಮಾತ್ರೆ ಆರಂಭವಾದರೆ ಸಾಮಾನ್ಯವಾಗಿ ಎಲ್ಲ ಮಕ್ಕಳಂತೆ ಕಲಿತು ಬೆಳೆಯುತ್ತವೆ. ತಡವಾದರೆ ಬುದ್ಧಿಮಾಂದ್ಯ ಉಳಿದುಬಿಡುತ್ತದೆ. ಅದನ್ನು ಕಂಡುಹಿಡಿಯಲು ಮಗುವಿನ ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತ ಸಾಕು. ಹೆರಿಗೆಯ ನಂತರ ಆಸ್ಪತ್ರೆಯಿಂದ ಹೊರಡುವ ಮೊದಲು ಆ ಪರೀಕ್ಷೆಯಾಗಿದೆಯೇ ಎಂದು ಕೇಳಿ.