ವ್ಯವಹಾರ ಪತ್ರಗಳಲ್ಲಿ ‘ಇಫ್’ ಮತ್ತು ‘ಹ್ಯಾಡ್’

ಯಾದಗಿರಿ, ಶಹಾಪುರ ಹಾಗೂ ಸುರಪುರದ ವರ್ತಕ ಬಾಂಧವರು ಹತ್ತಿ, ತೊಗರಿ, ಅಕ್ಕಿಯ ವ್ಯವಹಾರದಲ್ಲಿ ಪರರಾಜ್ಯದ ಖರೀದಿದಾರರೊಡನೆಯೂ ವಿಮಾ ಕಂಪನಿಗಳೊಡನೆಯೂ ಅನೇಕ ವೇಳೆ ಇಂಗ್ಲಿಷಿನಲ್ಲಿ ಪತ್ರ ಬರೆಯಬೇಕಾಗುತ್ತದೆ. ಸರಕು ತಡವಾದಾಗ ಅಥವಾ ಕೆಟ್ಟಾಗ ‘ಹಾಗೆ ಮಾಡಿದ್ದರೆ ಹೀಗಾಗುತ್ತಿರಲಿಲ್ಲ’ ಎಂಬ ಬಗೆಯ ವಾಕ್ಯ ಬಂದೇ ಬರುತ್ತದೆ. ತಪ್ಪು ನುಸುಳುವುದೂ ಅಲ್ಲಿಯೇ.

ತೊಡಕಿನ ಮೂಲ ನಮ್ಮ ಕನ್ನಡದಲ್ಲಿದೆ. ‘ಲಾರಿ ಬಂದಿದ್ದರೆ ತಿಳಿಸಿ’ ಎನ್ನುವಾಗ ಲಾರಿ ಬಂದಿರಲೂಬಹುದು. ‘ಲಾರಿ ಬಂದಿದ್ದರೆ ಸರಕು ತುಂಬುತ್ತಿದ್ದೆವು’ ಎನ್ನುವಾಗ ಅದು ಬರಲೇ ಇಲ್ಲ. ‘ಬಂದಿದ್ದರೆ’ ಎಂಬ ರೂಪ ಎರಡರಲ್ಲೂ ಒಂದೇ. ಭೇದವನ್ನು ಕನ್ನಡವು ಕೊನೆಯ ಕ್ರಿಯಾಪದಕ್ಕೆ ಬಿಡುತ್ತದೆ. ಇಂಗ್ಲಿಷ್ ಮೊದಲೇ ಬೇರ್ಪಡಿಸುತ್ತದೆ: ಅಲ್ಲಿ ‘ಇಫ್ ದ ಲಾರಿ ಹ್ಯಾಸ್ ಕಮ್’, ಇಲ್ಲಿ ‘ಇಫ್ ದ ಲಾರಿ ಹ್ಯಾಡ್ ಕಮ್’. ಇನ್ನು ‘ತುಂಬುತ್ತಿದ್ದೆವು’ ಎಂಬುದನ್ನು ಪದಶಃ ‘ವಿ ವರ್ ಲೋಡಿಂಗ್’ ಎಂದು ಬರೆದರೆ, ಆಗ ತುಂಬುವ ಕೆಲಸ ನಡೆದೇ ಇತ್ತೆಂದು ಅರ್ಥವಾದೀತು. ‘ವಿ ವುಡ್ ಹ್ಯಾವ್ ಲೋಡೆಡ್’ ಎಂದಿರಬೇಕು. ಈ ‘ವುಡ್ ಹ್ಯಾವ್’ ಅನ್ನು ‘ಇಫ್’ ಇರುವ ಭಾಗಕ್ಕೂ ಸೇರಿಸುವುದು ಆಡುಮಾತಿನಲ್ಲಿ ಕೇಳಿಬರುತ್ತದೆ, ಪತ್ರದಲ್ಲಿ ಸಲ್ಲದು.

ವ್ಯಾಕರಣಕ್ಕಿಂತ ಮಿಗಿಲಾದ ಎಚ್ಚರವೊಂದು ಇಲ್ಲಿ ಅಗತ್ಯ. ಈ ವಾಕ್ಯವು ‘ಇಲ್ಲ’ ಎಂಬ ಪದವನ್ನು ಬಳಸದೆಯೇ, ಆ ಕೆಲಸ ನಡೆಯಲಿಲ್ಲವೆಂದು ಸಾರುತ್ತದೆ. ಸುರಪುರದಿಂದ ಹೊರಟ ಹತ್ತಿಯ ಅಂಡಿಗೆಗಳು ಮಳೆಯಲ್ಲಿ ನೆನೆದವೆಂದು ಭಾವಿಸೋಣ. ‘ಇಫ್ ವಿ ಹ್ಯಾಡ್ ಕವರ್ಡ್ ದ ಬೇಲ್ಸ್, ದೇ ವುಡ್ ನಾಟ್ ಹ್ಯಾವ್ ಬೀನ್ ಡ್ಯಾಮೇಜ್ಡ್’ ಎಂದು ಸೌಜನ್ಯಕ್ಕಾಗಿ ಬರೆದವರು, ತಾಡಪತ್ರಿ ಹೊದಿಸಿರಲಿಲ್ಲವೆಂದು ಸಹಿ ಹಾಕಿ ಒಪ್ಪಿಕೊಂಡಂತೆಯೇ ಓದುವವರು ತಿಳಿಯುತ್ತಾರೆ. ನಿಜವಾಗಿ ಹೊದಿಸಿದ್ದಲ್ಲಿ ‘ಇಫ್’ ಬಿಟ್ಟು ‘ವಿ ಹ್ಯಾಡ್ ಕವರ್ಡ್ ದ ಬೇಲ್ಸ್’ ಎಂದಷ್ಟೇ ಬರೆಯುವುದು ಕ್ಷೇಮ.

ಬರುವ ಪತ್ರಗಳಲ್ಲಿ ‘ಇಫ್’ ಕಾಣದೆಯೂ ಇರಬಹುದು. ‘ಹ್ಯಾಡ್ ಯೂ ಇನ್ಫಾರ್ಮ್ಡ್ ಅಸ್ ಇನ್ ಟೈಮ್’ ಎಂಬ ಆರಂಭವನ್ನು ಪ್ರಶ್ನೆಯೆಂದು ಭ್ರಮಿಸಬಾರದು. ‘ನೀವು ಸಕಾಲಕ್ಕೆ ತಿಳಿಸಲಿಲ್ಲ’ ಎಂಬ ಆರೋಪವದು. ತಿಳಿಸಿದ್ದರೆ, ಆ ಪತ್ರದ ದಿನಾಂಕವನ್ನು ನಮೂದಿಸಿ ಕೂಡಲೇ ಮರುತ್ತರ ನೀಡತಕ್ಕದ್ದು.

ಇದೇ ವಾಕ್ಯ ನಮ್ಮ ಹಕ್ಕಿನ ಸಾಧನವೂ ಆಗಬಲ್ಲದು. 1872ರ ಭಾರತೀಯ ಕರಾರು ಅಧಿನಿಯಮದ 73ನೇ ಕಲಮಿನಂತೆ, ಕರಾರು ಮುರಿದವರು ಅದರಿಂದ ಸಹಜವಾಗಿ ಉಂಟಾದ ನಷ್ಟಕ್ಕೆ ಪರಿಹಾರ ಕೊಡಬೇಕು. ‘ಸರಕು ಬಂದಿದ್ದರೆ ಏನಾಗುತ್ತಿತ್ತು’ ಎಂಬ ಲೆಕ್ಕವೇ ಇದರ ತಳಹದಿ. ಶಹಾಪುರದ ಬೇಳೆ ಗಿರಣಿಯೊಂದು ಕ್ವಿಂಟಲಿಗೆ 6,000 ರೂ.ಗಳಂತೆ 100 ಕ್ವಿಂಟಲ್ ತೊಗರಿಗೆ ಕರಾರು ಮಾಡಿಕೊಂಡು, ಅದು ಬಾರದೆ 6,500 ರೂ.ಗಳಿಗೆ ಬೇರೆಡೆ ಕೊಂಡಿತೆನ್ನಿ. ವ್ಯತ್ಯಾಸ 50,000 ರೂ. ಬೇಡಿಕೆ ಪತ್ರದಲ್ಲಿ ‘ಇಫ್ ಯೂ ಹ್ಯಾಡ್ ಡೆಲಿವರ್ಡ್ ದ ತೂರ್, ವಿ ವುಡ್ ನಾಟ್ ಹ್ಯಾವ್ ಹ್ಯಾಡ್ ಟು ಬೈ ಇಟ್ ಎಲ್ಸ್‌ವೇರ್’ ಎಂದು ಬರೆದು ಮೊತ್ತವನ್ನು ಕಾಣಿಸಬೇಕು. (‘ಹ್ಯಾವ್ ಹ್ಯಾಡ್’ ಎಂದು ಎರಡು ಬಾರಿ ಬಂದಿರುವುದು ಮುದ್ರಣದೋಷವಲ್ಲ.) ಇಲ್ಲಿ ‘ವುಡ್’ ಬದಲು ‘ಮೈಟ್’ ಬರೆದರೆ ಸರಕು ಬಂದಿದ್ದರೂ ಬೇರೆಡೆ ಕೊಳ್ಳಬೇಕಾಗುತ್ತಿತ್ತೇನೋ ಎಂಬ ಸಂಶಯಕ್ಕೆ ಎಡೆಯಾಗಿ, ಬೇಡಿಕೆ ಅಷ್ಟರಮಟ್ಟಿಗೆ ಸಡಿಲವಾಗುತ್ತದೆ.