ಅಡುಗೆ ಕಟ್ಟೆಗೆ ಯಾವ ಕಲ್ಲು?

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಮನೆ ಕಟ್ಟುವವರಿಗೆ ಗೋಡೆಯ ಕಲ್ಲಿನ ಚಿಂತೆ ಹೆಚ್ಚಿಲ್ಲ. ಜಂಬಿಟ್ಟಿಗೆ ಹತ್ತಿರದಲ್ಲೇ ಸಿಗುತ್ತದೆ. ನೆಲದಲ್ಲಿರುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಈ ಕಲ್ಲಿಗೆ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂಬ ಹೆಸರನ್ನು 1807ರಲ್ಲಿ ಕೊಟ್ಟವರು ಫ್ರಾನ್ಸಿಸ್ ಬುಕಾನನ್. ಆದರೆ ತೂತು ತೂತಾದ ಜಂಬಿಟ್ಟಿಗೆ ಅಡುಗೆ ಕಟ್ಟೆಯ ಮೇಲ್ಹಾಸಿಗೆ ಬಾರದು. ಅದಕ್ಕೆ ಹೊರಗಿನ ಕಲ್ಲೇ ಬೇಕು. ಅಂಗಡಿಯಲ್ಲಿ ಕಡಪ, ಗ್ರಾನೈಟ್, ಮಾರ್ಬಲ್, ಕ್ವಾರ್ಟ್ಜ್ ಎಂದು ಹಲವು ಹೆಸರುಗಳು. ಬಣ್ಣ, ಹೊಳಪು, ಚದರ ಅಡಿಯ ದರ ನೋಡಿ ಜನ ತೀರ್ಮಾನಿಸುತ್ತಾರೆ. ಮಲೆನಾಡಿನ ಅಡುಗೆಮನೆಗೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಈ ಕಲ್ಲು ಕಾರ್ಬೊನೇಟೋ, ಸಿಲಿಕೇಟೋ?

ಕಡಪ ಕಲ್ಲನ್ನೇ ತೆಗೆದುಕೊಳ್ಳಿ. ಆಂಧ್ರಪ್ರದೇಶದ ಕಡಪ ಸೀಮೆಯ ಈ ಕಪ್ಪು ಚಪ್ಪಡಿ ಅಗ್ಗ, ನೋಡಲೂ ಚೆನ್ನ. ಆದರೆ ಅದು ಸುಣ್ಣಕಲ್ಲು. ಮುಖ್ಯ ಖನಿಜ ಕ್ಯಾಲ್ಸೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣಕಲ್ಲಿನ ಚೂರಿಗೆ ಆಮ್ಲ ಹಾಕಿದಾಗ ಕಾರ್ಬನ್ ಡೈ ಆಕ್ಸೈಡ್ ಗುಳ್ಳೆ ಏಳುವುದನ್ನು ಪ್ರಯೋಗಾಲಯದಲ್ಲಿ ನೀವು ಮಕ್ಕಳಿಗೆ ತೋರಿಸಿರುತ್ತೀರಿ. ಅದೇ ಕ್ರಿಯೆ ಅಡುಗೆ ಕಟ್ಟೆಯ ಮೇಲೆ ನಿಧಾನವಾಗಿ ನಡೆಯುತ್ತದೆ. ನಮ್ಮ ಕಡೆಯ ಅಡುಗೆಯಲ್ಲಿ ಹುಳಿಗೆ ಬರವಿಲ್ಲ: ನಿಂಬೆ, ಹುಣಸೆ, ವಾಟೆಹುಳಿ, ಮುರುಗಲು, ಅಪ್ಪೆಮಿಡಿ. ನಿಂಬೆರಸದ ಪಿಎಚ್ ಸುಮಾರು 2ರಿಂದ 2.5. ಅದರ ಸಿಟ್ರಿಕ್ ಆಮ್ಲ ಕಾರ್ಬೊನೇಟನ್ನು ಕರಗಿಸುವುದಲ್ಲದೆ, ಬಿಡುಗಡೆಯಾದ ಕ್ಯಾಲ್ಸಿಯಂ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊಳಪಿನ ಮೇಲ್ಮೈ ಕೆಲವೇ ಮೈಕ್ರೊಮೀಟರ್ ಸವೆದರೂ ಸಾಕು, ಬೆಳಕು ಒಂದೇ ದಿಕ್ಕಿಗೆ ಪ್ರತಿಫಲಿಸದೆ ಚದರುತ್ತದೆ. ನಮಗದು ಬಿಳಿಚಿದ ಕಲೆಯಾಗಿ ಕಾಣುತ್ತದೆ. ತಿಕ್ಕಿದರೆ ಹೋಗುವ ಕಲೆ ಅದಲ್ಲ. ಮತ್ತೆ ಪಾಲಿಷ್ ಮಾಡಿಸಬೇಕು. ಅಮೃತಶಿಲೆಯದೂ ಇದೇ ಕಥೆ. ಜೊತೆಗೆ, ಮೋಸ್ ಮಾನಕದಲ್ಲಿ ಕ್ಯಾಲ್ಸೈಟಿನ ಕಾಠಿಣ್ಯ 3 ಮಾತ್ರ. ಚಾಕುವಿನ ಉಕ್ಕಿನದು ಸುಮಾರು 5.5. ಗೀರು ಬೀಳದೆ ಇನ್ನೇನು?

ಗ್ರಾನೈಟಿನ ಮುಖ್ಯ ಖನಿಜಗಳು ಫೆಲ್ಡ್‌ಸ್ಪಾರ್ (ಕಾಠಿಣ್ಯ 6) ಮತ್ತು ಕ್ವಾರ್ಟ್ಜ್ (7). ಅಡುಗೆಯ ಹುಳಿಗೆ ಇವು ಜಗ್ಗುವುದಿಲ್ಲ. ಇಳಕಲ್ಲಿನ ಕೆಂಪು ಕಲ್ಲು ಈ ಬಗೆಯದು. ಚಾಮರಾಜನಗರದ ಹೆಸರಾಂತ ‘ಕಪ್ಪು ಗ್ರಾನೈಟ್’ ಭೂವಿಜ್ಞಾನದ ಪ್ರಕಾರ ಗ್ರಾನೈಟೇ ಅಲ್ಲ, ಡಾಲರೈಟ್. ಆದರೂ ಅದು ಸಿಲಿಕೇಟು, ಒತ್ತಾದ ಕಣರಚನೆಯದು, ಕಟ್ಟೆಗೆ ಒಳ್ಳೆಯದೇ. ವ್ಯಾಪಾರದ ಹೆಸರನ್ನು ನಂಬಬೇಡಿ, ಚೂರೊಂದನ್ನು ಕೇಳಿ ತನ್ನಿ. ಅದರ ಮೇಲೆ ಒಂದು ಹನಿ ನಿಂಬೆರಸ ಹಾಕಿ, ಕಾಲು ಗಂಟೆ ಬಿಟ್ಟು ಒರೆಸಿ, ಓರೆ ಬೆಳಕಿನಲ್ಲಿ ನೋಡಿ. ಮಂಕಾಗಿದ್ದರೆ ಅದು ಕಾರ್ಬೊನೇಟು. ಅಸಿಟೋನಿನಲ್ಲಿ ಅದ್ದಿದ ಹತ್ತಿಗೆ ಕಪ್ಪು ಅಂಟಿದರೆ ಕಲ್ಲಿಗೆ ಬಣ್ಣ ಹಾಕಿದ್ದಾರೆಂದು ತಿಳಿಯಿರಿ. ನೀರಿನ ಹೀರಿಕೆಯನ್ನು ವಿದ್ಯಾರ್ಥಿಗಳೇ ಅಳೆಯಬಹುದು. ಒಣಗಿಸಿದ ಚೂರನ್ನು ತೂಗಿ, 24 ಗಂಟೆ ನೀರಿನಲ್ಲಿಟ್ಟು, ಮೇಲಿನ ನೀರನ್ನು ಒರೆಸಿ ಮತ್ತೆ ತೂಗಲಿ. 500 ಗ್ರಾಂ ಚೂರಿನ ತೂಕ 2 ಗ್ರಾಮಿಗಿಂತ, ಅಂದರೆ ಶೇಕಡಾ 0.4ಕ್ಕಿಂತ ಹೆಚ್ಚಾದರೆ ಅಂಥ ಕಲ್ಲು ಎಣ್ಣೆ, ಅರಿಸಿನ ಎರಡನ್ನೂ ಕುಡಿಯುತ್ತದೆ.

ಮಳೆಗಾಲದಲ್ಲಿ ‘ಕಲ್ಲು ಬೆವರುತ್ತದೆ’ ಎಂಬ ದೂರು ಸಾಮಾನ್ಯ. ಇದು ಕಲ್ಲಿನ ದೋಷವಲ್ಲ. ಗಾಳಿಯ ಉಷ್ಣತೆ 25 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡಾ 95 ಇದ್ದರೆ ಇಬ್ಬನಿ ಬಿಂದು ಸುಮಾರು 24 ಡಿಗ್ರಿ. ದಪ್ಪ ಕಲ್ಲು ರಾತ್ರಿಯ ತಂಪನ್ನು ಬೇಗ ಬಿಟ್ಟುಕೊಡದು. ಗಾಳಿಗಿಂತ ಒಂದೇ ಡಿಗ್ರಿ ತಣ್ಣಗಿದ್ದರೂ ಅದರ ಮೇಲೆ ನೀರು ಕೂರುತ್ತದೆ. ಮರದ ಹಲಗೆ ಬೇಗ ಬೆಚ್ಚಗಾಗುವುದರಿಂದ ಬೆವರದು. ಆದರೆ ಆಷಾಢದ ತೇವಕ್ಕೆ ಉಬ್ಬಿ, ಬೂಸಲು ಹಿಡಿಯುತ್ತದೆ.

ಇನ್ನು ಬಲದ ವಿಚಾರ. ಗ್ರಾನೈಟು 130 ಮೆಗಾಪ್ಯಾಸ್ಕಲಿಗೂ ಮಿಕ್ಕ ಸಂಪೀಡನವನ್ನು ತಾಳುತ್ತದೆ. ಬಗ್ಗಿಸಿದಾಗ ಮಾತ್ರ ಕೆಳಮೈ ಹಿಗ್ಗಿ, 10-15 ಮೆಗಾಪ್ಯಾಸ್ಕಲಿನಲ್ಲೇ ಬಿರಿಯುತ್ತದೆ. ಇಕ್ಕೇರಿಯ ಅಘೋರೇಶ್ವರ ದೇಗುಲಕ್ಕೆ ಮಕ್ಕಳನ್ನು ಕರೆದೊಯ್ದಾಗ ಕಂಬಗಳ ನಡುವಿನ ಅಂತರವನ್ನೂ ತೊಲೆಗಳ ದಪ್ಪವನ್ನೂ ತೋರಿಸಿ. ಕಲ್ಲಿನ ಈ ದೌರ್ಬಲ್ಯ ಆ ಶಿಲ್ಪಿಗಳಿಗೆ ಚೆನ್ನಾಗಿ ಗೊತ್ತಿತ್ತು. ಈಗ ನಮ್ಮ ಕಟ್ಟೆಯ ಲೆಕ್ಕ. ಆಧಾರಗಳ ನಡುವೆ 60 ಸೆಂ.ಮೀ., ಅಗಲ 60 ಸೆಂ.ಮೀ., ದಪ್ಪ 2 ಸೆಂ.ಮೀ. ಇರುವ ಚಪ್ಪಡಿಯ ನಡುವೆ, ಅಟ್ಟದ ಡಬ್ಬಿ ತೆಗೆಯಲು 70 ಕಿಲೋಗ್ರಾಂ ತೂಕದವರು ಹತ್ತಿ ನಿಂತರೆ ಕೆಳಮೈಯ ಕರ್ಷಣ ಪ್ರತಿಬಲ ಸುಮಾರು 2.6 ಮೆಗಾಪ್ಯಾಸ್ಕಲ್. ಭಯವಿಲ್ಲ. ಅಲ್ಲೇ ಸಿಂಕಿಗಾಗಿ 44 ಸೆಂ.ಮೀ. ಕತ್ತರಿಸಿದರೆ ಹಿಂದೆ ಮುಂದೆ 8 ಸೆಂ.ಮೀ. ಪಟ್ಟಿಗಳಷ್ಟೇ ಉಳಿಯುತ್ತವೆ. ಭಾರ ಎರಡರ ಮೇಲೂ ಸಮನಾಗಿ ಬಿದ್ದರೂ ಪ್ರತಿಬಲ 10 ಮೆಗಾಪ್ಯಾಸ್ಕಲ್ ಮುಟ್ಟುತ್ತದೆ. ರಂಧ್ರದ ಮೂಲೆ ಚೂಪಾಗಿದ್ದರೆ ಅಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಮೂಲೆಗಳನ್ನು ದುಂಡಗೆ ಕತ್ತರಿಸಲು ಹೇಳಿ, ಸಿಂಕಿನ ಎರಡೂ ಬದಿಗೆ ಆಧಾರ ಕೊಡಿಸಿ. ದಪ್ಪ ಇಮ್ಮಡಿಯಾದರೆ ಬಾಗುವ ಬಲ ನಾಲ್ಮಡಿಯಾಗುತ್ತದೆ ಎಂಬುದೂ ನೆನಪಿರಲಿ. ಕಟ್ಟೆಯ ಕೆಳಗಿನ ಅಡ್ಡ ಹಲಗೆಗಳಿಗೆ ಕಡಪ ಧಾರಾಳವಾಗಿ ಸಾಕು. ಉಳಿದ ಹಣವನ್ನು ಮೇಲಿನ ಚಪ್ಪಡಿಗೆ ಹಾಕಿ.

ಗ್ರಾನೈಟಿನ ವಿಕಿರಣದ ಬಗ್ಗೆ ಕೆಲವರು ಕೇಳುತ್ತಾರೆ. ಅದರಲ್ಲಿ ಪೊಟ್ಯಾಸಿಯಂ-40, ಯುರೇನಿಯಂ, ಥೋರಿಯಂ ಅಲ್ಪ ಪ್ರಮಾಣದಲ್ಲಿ ಇರುವುದು ನಿಜ. ಆದರೆ ಮನೆಯೊಳಗಿನ ರೇಡಾನಿನ ಮುಖ್ಯ ಮೂಲ ನೆಲದ ಮಣ್ಣು. ಒಂದು ಚಪ್ಪಡಿಗಾಗಿ ನಿದ್ದೆಗೆಡಬೇಕಾಗಿಲ್ಲ.

ನಿಜವಾದ ಅಪಾಯವಿರುವುದು ಕಲ್ಲು ಕತ್ತರಿಸುವಾಗ. ಅಂಗಡಿಯ ‘ಕ್ವಾರ್ಟ್ಜ್’ ಚಪ್ಪಡಿಯೆಂದರೆ ಸುಮಾರು ಶೇಕಡಾ 90ರಷ್ಟು ಕ್ವಾರ್ಟ್ಜ್ ಪುಡಿಯನ್ನು ರಾಳದಿಂದ ಬೆಸೆದದ್ದು. ಅದು ನೀರು ಹೀರದು, ಹುಳಿಗೆ ಹೆದರದು. ಆದರೆ ಸುಮಾರು 150 ಡಿಗ್ರಿ ದಾಟಿದರೆ ರಾಳ ಕೆಡುತ್ತದೆ, ಒಲೆಯಿಂದಿಳಿಸಿದ ಬಾಣಲೆಯನ್ನು ಇಡುವಂತಿಲ್ಲ. ಇದನ್ನು ಒಣಗಿದ್ದಾಗಲೇ ಕತ್ತರಿಸಿದರೆ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದ ಕ್ವಾರ್ಟ್ಜ್ ಕಣಗಳಿರುತ್ತವೆ. ಕೆಲವೇ ಮೈಕ್ರೊಮೀಟರ್ ಗಾತ್ರದ ಈ ಕಣಗಳು ಶ್ವಾಸಕೋಶದ ತಳ ಮುಟ್ಟಿ, ಸಿಲಿಕೋಸಿಸ್ ರೋಗ ತರುತ್ತವೆ. ಅದನ್ನು ಗುಣಪಡಿಸುವ ಔಷಧಿಯಿಲ್ಲ. ಕಲ್ಲು ಕೆಲಸದ ಯುವಕರಲ್ಲಿ ಈ ರೋಗ ಹೆಚ್ಚಿದ್ದರಿಂದಲೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂಥ ಚಪ್ಪಡಿಗಳ ತಯಾರಿಕೆ, ಬಳಕೆ ಎರಡನ್ನೂ ನಿಷೇಧಿಸಿತು. ಗ್ರಾನೈಟಿನಲ್ಲಿ ಕ್ವಾರ್ಟ್ಜ್ ಕಡಿಮೆ, ಆದರೂ ಶೇಕಡಾ 20ಕ್ಕೂ ಹೆಚ್ಚು. ಡಾಲರೈಟಿನಲ್ಲಿ ತೀರ ಅಲ್ಪ. ನಮ್ಮಲ್ಲಿ ಸಿಂಕಿನ ರಂಧ್ರವನ್ನು ಹೊಸ ಮನೆಯೊಳಗೇ, ಕೈಯಂತ್ರದಿಂದ, ಮೂಗಿಗೆ ಒಂದು ಟವಲು ಸುತ್ತಿಕೊಂಡು ಕೊರೆಯುವುದುಂಟು. ಟವಲಿನ ನೇಯ್ಗೆಯ ಸಂದುಗಳು ಆ ಕಣಗಳಿಗಿಂತ ಎಷ್ಟೋ ಪಟ್ಟು ದೊಡ್ಡವು. ಅಳತೆಯನ್ನು ಮೊದಲೇ ಕೊಟ್ಟು, ನೀರು ಹಾಯಿಸಿ ಕತ್ತರಿಸುವ ಕಾರ್ಖಾನೆಯಲ್ಲೇ ರಂಧ್ರ ಕೊರೆಸಿ ತನ್ನಿ. ಮನೆಯಲ್ಲೇ ಕೊರೆಯಬೇಕಾಗಿ ಬಂದರೆ ಅಂಗಳದಲ್ಲಿ ಕೊರೆಯಲಿ, ಒಬ್ಬರು ಪೈಪು ಹಿಡಿದು ನೀರು ಬಿಡುತ್ತಿರಲಿ. ಆ ನೀರಿನಿಂದ ವಿದ್ಯುತ್ ಆಘಾತವಾಗದಂತೆ, ನೀರು ಹಾಯಿಸಲೆಂದೇ ತಯಾರಿಸಿದ ಯಂತ್ರವನ್ನೇ ತರಲು ಮೊದಲೇ ತಿಳಿಸಿ.