ಹಳೆಯ ಮರಗೆಲಸದ ಯಂತ್ರಗಳ ಗುರುತಿಸುವಿಕೆ ಹಾಗೂ ದಾಖಲೀಕರಣ: ಸಾರ್ವಜನಿಕರ ಮಾಹಿತಿಗಾಗಿ

ಹುಣಸೂರು ಮರದ ವ್ಯವಹಾರಕ್ಕೆ ಹಿಂದಿನಿಂದಲೂ ಹೆಸರಾದ ಪಟ್ಟಣ. 19ನೆಯ ಶತಮಾನದಲ್ಲಿ ಸೈನ್ಯದ ಕಮಿಸರಿಯಟ್ ವಿಭಾಗವು ಇಲ್ಲಿ ಚರ್ಮ ಹದ ಮಾಡುವ ಕಾರ್ಖಾನೆಯೊಂದಿಗೆ ಮರದ ಅಂಗಳವನ್ನೂ ನಡೆಸುತ್ತಿತ್ತು. ಆದರೆ ವ್ಯಾಪಾರ ಹಳೆಯದೆಂಬ ಮಾತ್ರಕ್ಕೆ ಯಂತ್ರವೂ ಹಳೆಯದೆಂದು ಭಾವಿಸತಕ್ಕದ್ದಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಹಳೆಯ ಗರಗಸ, ಲೇತ್ ಅಥವಾ ಪ್ಲೇನರ್ ಯಂತ್ರಗಳನ್ನು ಹೊಂದಿರುವವರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು.

ಪುರಾತನ ವಸ್ತುಗಳು ಹಾಗೂ ಕಲಾ ನಿಧಿಗಳ ಅಧಿನಿಯಮ, 1972ರಂತೆ, ಗತಕಾಲದ ವಿಜ್ಞಾನ ಅಥವಾ ಕಸುಬನ್ನು ನಿರೂಪಿಸುವ ವಸ್ತುವಿಗೆ ಕನಿಷ್ಠ 100 ವರ್ಷ ತುಂಬಿರಬೇಕು. ‘ಬ್ರಿಟಿಷರ ಕಾಲದ್ದು’ ಎಂಬ ಮಾತು ಇದಕ್ಕೆ ಸಾಲದು. 1947ರಲ್ಲಿ ತಯಾರಾದ ಯಂತ್ರಕ್ಕೆ 100 ವರ್ಷ ತುಂಬುವುದು 2047ರಲ್ಲಿ.

ಕಾಲನಿರ್ಣಯಕ್ಕೆ ತಯಾರಕರ ಫಲಕವೇ ಮುಖ್ಯ ಆಧಾರ. ಇಂಗ್ಲೆಂಡಿನ ರಾನ್ಸಮ್ ಸಂಸ್ಥೆಯು 1900ರ ಸುಮಾರಿಗೆ ಲಂಡನ್ನಿನ ಚೆಲ್ಸಿಯಾದಿಂದ ನ್ಯೂವಾರ್ಕ್ ಪಟ್ಟಣಕ್ಕೆ ಸ್ಥಳಾಂತರಗೊಂಡಿತು. ಆದ್ದರಿಂದ ಫಲಕದಲ್ಲಿನ ಊರಿನ ಹೆಸರೊಂದೇ ಬಹಳಷ್ಟನ್ನು ತಿಳಿಸಬಲ್ಲದು. ಲೀಸ್ಟರಿನ ವಾಡ್ಕಿನ್ ಸಂಸ್ಥೆ ಆರಂಭವಾದದ್ದು 1897ರಲ್ಲಿ; ಅದಕ್ಕಿಂತ ಹಳೆಯ ವಾಡ್ಕಿನ್ ಯಂತ್ರ ಇರಲಾರದು. ಭಾರತದಲ್ಲಿ ತಯಾರಾದ ಯಂತ್ರದ ಫಲಕದಲ್ಲಿ ಆರು ಅಂಕಿಯ ಪಿನ್ ಕೋಡ್ ಇದ್ದಲ್ಲಿ ಆ ಫಲಕ 1972ರ ಆಗಸ್ಟ್ ನಂತರದ್ದು. ‘ಕರ್ನಾಟಕ’ ರಾಜ್ಯವೆಂದಿದ್ದಲ್ಲಿ ಸಾಮಾನ್ಯವಾಗಿ 1973ರ ನವೆಂಬರ್ ನಂತರದ್ದು. ಎರಕದ ಮೇಲಿನ ಉಬ್ಬು ಅಂಕಿಯನ್ನು ಇಸವಿಯೆಂದು ಓದುವ ತಪ್ಪು ಆಗಾಗ್ಗೆ ಆಗುತ್ತದೆ. ಬಹುಪಾಲು ಅದು ಅಚ್ಚಿನ ಸಂಖ್ಯೆ.

ಫಲಕ ಕಳೆದುಹೋಗಿದ್ದಲ್ಲಿ ಚಪ್ಪಟೆ ಬೆಲ್ಟಿನ ರಾಟೆ, ಬಿಳಿಲೋಹ ಹೊಯ್ದ ಬೇರಿಂಗ್, ಪ್ಲೇನರಿನ ಚೌಕ ಕಟರ್ ಇವು ಹಳೆಯ ವಿನ್ಯಾಸದ ಸೂಚನೆಗಳು. ಇವಿಷ್ಟರಿಂದಲೇ ಇಸವಿ ನಿಶ್ಚಯವಾಗದು. ನಂತರ ಜೋಡಿಸಿದ ವಿದ್ಯುತ್ ಮೋಟಾರಿನ ಫಲಕವು ಮೋಟಾರಿಗೆ ಮಾತ್ರ ಅನ್ವಯಿಸುತ್ತದೆ.

ಯಂತ್ರವನ್ನು ಉಜ್ಜುವ, ಬಣ್ಣ ಹಚ್ಚುವ ಅಥವಾ ಗುಜರಿಗೆ ಕಳುಹಿಸುವ ಮುನ್ನ ದಾಖಲಿಸತಕ್ಕದ್ದು. ಒಮ್ಮೆ ಉಜ್ಜಿಹೋದ ಸಂಖ್ಯೆಯನ್ನು ಮರಳಿ ಪಡೆಯುವುದು ಕಷ್ಟಸಾಧ್ಯ. ವಿದ್ಯುತ್ ಸಂಪರ್ಕ ಕಡಿತಗೊಳಿಸಿ, ನಾಲ್ಕೂ ಬದಿಯ ಹಾಗೂ ಪ್ರತಿಯೊಂದು ಬರಹದ ಛಾಯಾಚಿತ್ರವನ್ನು ಅಳತೆಪಟ್ಟಿಯೊಂದಿಗೆ ತೆಗೆಯುವುದು. ಖರೀದಿ ರಸೀದಿ, ಬದಲಿಸಿದ ಭಾಗಗಳ ವಿವರ, ಯಂತ್ರ ನಡೆಸಿದ ಹಿರಿಯ ಮೇಸ್ತ್ರಿಗಳ ಹೇಳಿಕೆಯನ್ನೂ ಲಗತ್ತಿಸುವುದು.

ಯಂತ್ರವು ಪುರಾತನ ವಸ್ತುವೇ ಎಂಬ ಪ್ರಶ್ನೆ ಉದ್ಭವಿಸಿದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರ ಅಥವಾ ಅವರಿಂದ ಅಧಿಕೃತರಾದ ಅಧಿಕಾರಿಯ ತೀರ್ಮಾನವೇ ಅಂತಿಮ. ಪುರಾತನ ವಸ್ತುವನ್ನು ಖಾಸಗಿಯವರು ಅನಧಿಕೃತವಾಗಿ ವಿದೇಶಕ್ಕೆ ರವಾನಿಸಿದಲ್ಲಿ 6 ತಿಂಗಳಿಂದ 3 ವರ್ಷದವರೆಗೆ ಕಾರಾಗೃಹವಾಸ ಹಾಗೂ ದಂಡ ವಿಧಿಸಬಹುದಾಗಿದೆ. ಯಂತ್ರ ಎಷ್ಟೇ ಹಳೆಯದಾಗಿದ್ದರೂ ಮರ ಕೊಯ್ಯುವ ಮಿಲ್ಲಿಗೆ ಅರಣ್ಯ ಇಲಾಖೆಯ ಪರವಾನಗಿ ಪ್ರತ್ಯೇಕವಾಗಿ ಬೇಕು. ಮಾಲೀಕರು ಸಿದ್ಧಪಡಿಸಿದ ದಾಖಲೆಯು ಪರವಾನಗಿಯಾಗುವುದಿಲ್ಲ.